ಕೆರೆಯಂಚಿನ ನೆಲ

ಕಡಪಾ ಜಿಲ್ಲೆಯ ಪೋರುಮಾಮಿಳ್ಳವೆಂಬ ಊರಿನಲ್ಲಿ ಶಾಲಿವಾಹನ ಶಕ ೧೨೯೧ರ, ಎಂದರೆ ಕ್ರಿಸ್ತಶಕ ೧೩೬೯ರ, ಸಂಸ್ಕೃತ ಶಾಸನವೊಂದುಂಟು. ವಿಜಯನಗರದ ಮೊದಲನೆಯ ಬುಕ್ಕರಾಯನ ಕುಮಾರನೂ ಭವದೂರನೆಂಬ ನಾಮಾಂತರವುಳ್ಳವನೂ ಆದ ಭಾಸ್ಕರನು ಅಲ್ಲಿ ಒಂದು ಮಹಾತಟಾಕವನ್ನು ಕಟ್ಟಿಸಿದ ವೃತ್ತಾಂತವನ್ನು ಅದು ಹೇಳುತ್ತದೆ. ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ಎರಡು ವರ್ಷಕಾಲ ದುಡಿದ ಮೇಲೆ ಕೆಲಸವು ಕೈಗೂಡಿತಂತೆ. ಆದರೆ ಶಾಸನದ ಹೆಚ್ಚಳವು ಈ ಲೆಕ್ಕದಲ್ಲಿಲ್ಲ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ, ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಅದು ಶಾಸ್ತ್ರಗ್ರಂಥದಂತೆ ಎಣಿಸಿಕೊಡುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಭೂಮಿಯು ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯು ಬೀಳುವುದು, ಕೆರೆಯ ನಡುವೆ ನೆಲವು ಉಬ್ಬಿರುವುದು, ನೀರು ಸ್ವಲ್ಪವಾಗಿ ಗದ್ದೆ ಬಹಳವಾಗುವುದು, ನೀರು ಬಹಳವಾಗಿ ನೆಲ ಸ್ವಲ್ಪವಾಗುವುದು ಇವೇ ಆ ದೋಷಗಳು. ವಾಚಕರು ಇವನ್ನು ಸ್ವಲ್ಪ ಪರಿಶೀಲಿಸಿ ನೋಡಬೇಕು. ಇವುಗಳಲ್ಲಿ ಹೆಚ್ಚಿನವು ನೀರಿನ ದೋಷಗಳಲ್ಲ; ನೆಲದ ದೋಷಗಳು. ಕೆರೆಯನ್ನು ಉಳಿಸಬೇಕೆಂಬುವರು ಮೊದಲು ಅದರ ಸುತ್ತಣ ಭೂಮಿಯನ್ನು ನೋಡಬೇಕೆಂಬ ಅರಿವು ಆ ಕಾಲಕ್ಕೇ ಇದ್ದಿತು. ಈ ಅರಿವು ಮರೆತುಹೋದ ಬಗೆಯನ್ನೂ, ಸಾಮಾನ್ಯ ನಾಗರಿಕರು ಅದನ್ನು ಬಹು ಕಷ್ಟದಿಂದ ಮರಳಿ ಸಂಪಾದಿಸಿದ ಬಗೆಯನ್ನೂ ತಿಳಿಯಲು ಬೆಂಗಳೂರಿನ ಕೆರೆಗಳ ಚರಿತ್ರೆಗಿಂತ ತಕ್ಕ ನಿದರ್ಶನವಿಲ್ಲ.

ಬೆಂಗಳೂರು ಸಮುದ್ರಮಟ್ಟಕ್ಕೆ ಸುಮಾರು ೯೦೦ ಮೀಟರು ಎತ್ತರದ ದಿಣ್ಣೆಯ ಮೇಲಿರುವ ಪಟ್ಟಣ. ಮಹಾನದಿಯಾವುದೂ ಅದರ ಮಗ್ಗುಲಲ್ಲಿ ಹರಿಯುವುದಿಲ್ಲ. ದಿಣ್ಣೆಯ ಮೇಲೆ ಬಿದ್ದ ಮಳೆಯು ವೃಷಭಾವತಿಯ ಕಣಿವೆ, ಕೋರಮಂಗಲ–ಚಲ್ಲಘಟ್ಟದ ಕಣಿವೆ, ಹೆಬ್ಬಾಳದ ಕಣಿವೆ ಎಂಬ ಮೂರು ದಾರಿಗಳಲ್ಲಿ ಇಳಿದು, ಮೊದಲನೆಯದು ಅರ್ಕಾವತಿಯ ಮೂಲಕ ಕಾವೇರಿಯನ್ನೂ ಉಳಿದೆರಡು ದಕ್ಷಿಣಪಿನಾಕಿನಿಯನ್ನೂ ಸೇರುವುವು. ಕೆಂಪೇಗೌಡರ ಕಾಲದವರೂ, ಅವರಿಗಿಂತ ಹಿಂದಿನವರೂ, ಆಮೇಲಿನವರೂ ಈ ಇಳಿಜಾರನ್ನೇ ಹಿಡಿದು ಮೆಟ್ಟಲು ಮೆಟ್ಟಲಾಗಿ ಕೆರೆಗಳನ್ನು ಕಟ್ಟಿದರು. ಮೇಲಣ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಣ ಕೆರೆಗೆ ಬರುವುದು; ಅದು ತುಂಬಿದರೆ ಮತ್ತೊಂದಕ್ಕೆ. ಈ ಕಾಲುವೆಯೇ ರಾಜಕಾಲುವೆ. ಆದುದರಿಂದ ಕೆರೆಯೆಂದರೆ ಏರಿಯ ಹಿಂದೆ ನಿಂತ ನೀರು ಮಾತ್ರವಲ್ಲ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರು ಬರುವ ಹಳ್ಳಕೊಳ್ಳಗಳು, ದನ ಮೇಯುವ ಗೋಮಾಳ, ದಡದ ಗುಂಡುತೋಪು ಇವೆಲ್ಲವೂ ಕೂಡಿ ಒಂದು ಕೆರೆ.

ಇದರ ರಕ್ಷಣೆಗೆ ಹಿಂದಿನವರು ಮಾಡಿದ ಏರ್ಪಾಡು ಶಾಸನಗಳಿಂದ ವ್ಯಕ್ತವಾಗುತ್ತದೆ. ಕೆರೆಯನ್ನು ಕಟ್ಟಿಸಿದವನಿಗೂ ನೋಡಿಕೊಳ್ಳುವವನಿಗೂ ಕೆರೆಯ ಕೆಳಗೇ ಕೊಡಗಿಯ ಭೂಮಿಯನ್ನೋ ಬಿತ್ತುವಟ್ಟವನ್ನೋ ಬಿಡುತ್ತಿದ್ದರು. ಕೆರೆ ಒಡೆದರೆ ಅವನ ಗದ್ದೆಯೇ ಮೊದಲು ಬರಡಾಗುವುದು. ಇದಕ್ಕಿಂತ ಬಲವಾದ ಎಚ್ಚರಿಕೆ ಬೇರೇನಿದೆ? ಯಾವ ಗದ್ದೆಗೆ ಎಷ್ಟು ನೀರೆಂಬುದನ್ನು ನೀರುಗಂಟಿಯು ನೋಡುತ್ತಿದ್ದನು. ಮೈಸೂರು ಸಂಸ್ಥಾನವು ೧೯೧೧ರಲ್ಲಿ ಕೆರೆಪಂಚಾಯತಿಗಳ ರೆಗ್ಯುಲೇಷನ್ನನ್ನು ಜಾರಿಗೆ ತಂದಾಗ, ಸಡಿಲವಾಗುತ್ತಿದ್ದ ಈ ಹಳೆಯ ಗಂಟನ್ನೇ ಕಾನೂನಿನ ಹುರಿಯಿಂದ ಮತ್ತೆ ಬಿಗಿಯಲು ಯತ್ನಿಸಿದಂತಾಯಿತು.

ಪಟ್ಟಣದಲ್ಲಿ ಮಾತ್ರ ಆ ಗಂಟು ಆ ವೇಳೆಗೆ ಕಳಚುತ್ತ ಬಂದಿದ್ದಿತು. ೧೮೯೪ರಲ್ಲಿ ಹೆಸರಘಟ್ಟದ ನೀರಿನ ಯೋಜನೆಯೂ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ, ೧೯೭೪ರಲ್ಲಿ ಕಾವೇರಿಯ ನೀರೂ ಬಂದುವು. ಮನೆಯೊಳಗೆ ನಲ್ಲಿ ತಿರುಗಿಸಿದರೆ ನೀರು ಬೀಳುವಾಗ ಊರ ಕೆರೆಯ ಗೊಡವೆ ಯಾರಿಗೆ ಬೇಕು? ನೀರಿನ ಬೆಲೆ ಇಳಿದಂತೆಲ್ಲಾ ಕೆರೆಯ ನೆಲದ ಬೆಲೆ ಏರಿತು. ಧರ್ಮಾಂಬುಧಿಯ ಅಂಗಳವು ಬಸ್ಸುಗಳ ನಿಲ್ದಾಣವಾಯಿತು. ಸಂಪಂಗಿಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೆದ್ದಿತು. ಕರಗದ ಉತ್ಸವವೊಂದು ಆ ಕೆರೆಯ ಹೆಸರನ್ನು ಜನರ ಬಾಯಲ್ಲಿ ಉಳಿಸಿದೆ. ಸರ್ಕಾರದ ಕಂದಾಯದ ದಫ್ತರದಲ್ಲಿ ರಾಜಕಾಲುವೆಯೂ ದಾರಿಯೂ ಸ್ಮಶಾನವೂ ‘ಖರಾಬು’ ಎಂಬ ತಲೆಬರಹದಡಿಯಲ್ಲಿ ಬರುತ್ತವೆ. ಸಾಗುವಳಿಗೂ ಕಂದಾಯಕ್ಕೂ ಒದಗದ ನೆಲವೆಂದು ಇದರ ಅಭಿಪ್ರಾಯವೇ ಹೊರತು ಕೆಟ್ಟ ನೆಲವೆಂದಲ್ಲ. ಆದರೂ ಹೆಸರಿನ ಪ್ರಭಾವವು ಸಾಮಾನ್ಯವಲ್ಲ. ಕೆಲಸಕ್ಕೆ ಬಾರದ್ದೆಂದು ಬರೆದುಕೊಂಡ ನೆಲವನ್ನು ಮುಚ್ಚಿದರೆ ಕೇಳುವವರಾರೆಂದು ಬಹು ಮಂದಿ ಭಾವಿಸಿದರು.

೧೯೮೫ರಲ್ಲಿ ಸರ್ಕಾರವು ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಜೀವಂತವಾದ ಕೆರೆಗಳನ್ನು ಒಡೆಯಕೂಡದು, ಕೊಳಚೆಯನ್ನು ಅವುಗಳಿಗೆ ಬಿಡಕೂಡದು, ಬತ್ತಿದ ಕೆರೆಗಳ ಅಂಗಳವನ್ನು ನಿವೇಶನಗಳಾಗಿ ಹಂಚದೆ ತೋಪು ಉದ್ಯಾನಗಳಿಗೆ ಇಡಬೇಕು ಎಂದು ಸಮಿತಿಯು ಹೇಳಿತು. ೧೯೮೮ರಲ್ಲಿ ಸರ್ಕಾರವು ಇದನ್ನು ಅಂಗೀಕರಿಸಿತು. ಅಂಗೀಕಾರವು ಕಡತದಲ್ಲಿ ಉಳಿಯಿತು. ಪಟ್ಟಣವು ತನ್ನ ಪಾಡಿಗೆ ಬೆಳೆಯಿತು.

೨೦೦೨ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರವು ಹುಟ್ಟಿತು. ಕೆಲವು ವರ್ಷಗಳಲ್ಲಿ ಅದು ಹೆಬ್ಬಾಳ, ನಾಗವಾರ, ಅಗರ ಮೊದಲಾದ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಹದಿನೈದು ವರ್ಷಗಳ ಗುತ್ತಿಗೆಗೆ ಕೊಡಲು ಹೊರಟಿತು. ಕಂಪನಿಗಳು ಕೆರೆಯನ್ನು ಚೊಕ್ಕಟಗೊಳಿಸಿ, ದಡದಲ್ಲಿ ಉಪಾಹಾರಗೃಹ ದೋಣಿವಿಹಾರಾದಿಗಳನ್ನು ನಡೆಸಿ ಹಣವನ್ನು ಹುಟ್ಟಿಸಿಕೊಳ್ಳಬೇಕೆಂಬುದು ಏರ್ಪಾಡು. ಮೀನು ಹಿಡಿಯುವವನೂ ಹುಲ್ಲು ಕೊಯ್ಯುವವಳೂ ಎಲ್ಲಿಗೆ ಹೋಗಬೇಕೆಂಬುದು ಆ ಒಪ್ಪಂದಗಳ ಕರ್ತೃಗಳಿಗೆ ಹೊಳೆದಂತಿಲ್ಲ. ಇದನ್ನು ಪ್ರಶ್ನಿಸಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಬೆಂಗಳೂರಿನ ಸಂಘವು ೨೦೦೮ರಲ್ಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಹೂಡಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದ ಸಮಿತಿಯು ಕೆರೆಗಳ ಸ್ಥಿತಿಯನ್ನು ಪರಿಶೀಲಿಸಿ ೨೦೧೧ರಲ್ಲಿ ವರದಿಯನ್ನು ಒಪ್ಪಿಸಿತು. ಕೆರೆಯು ಒಂಟಿಯಾದ ಹೊಂಡವಲ್ಲ, ರಾಜಕಾಲುವೆಗಳ ಸರಣಿಯಲ್ಲಿ ಒಂದು ಮಣಿ ಎಂಬ ಹಳೆಯ ಮಾತು ಹೀಗೆ ಬಹುಕಾಲದ ಮೇಲೆ ನ್ಯಾಯಾಲಯದ ಕಡತವನ್ನು ಸೇರಿತು. ೨೦೧೨ರ ಆದೇಶದಿಂದ ಕೆರೆಗಳನ್ನು ಖಾಸಗಿಯವರಿಗೆ ವಹಿಸುವ ಪದ್ಧತಿಗೆ ತಡೆ ಬಿದ್ದಿತು.

ನ್ಯಾಯಾಲಯದ ಕಡೆಗೆ ಹೋಗದೆ ಕೆರೆಯ ಬಳಿಗೇ ಹೋದವರೂ ಇದ್ದರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಯ ಕೆರೆಯು ಸುಮಾರು ೪೮ ಎಕರೆಯದು. ಹೊಸದಾಗಿ ಬಂದು ನೆಲಸಿದ ಉದ್ಯೋಗಸ್ಥರೂ ಹಳೆಯ ಊರಿನವರೂ ಕೂಡಿ, ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಎಂಜಿನಿಯರುಗಳೊಡನೆ ಕುಳಿತು, ಕೆರೆಯ ಪುನರುದ್ಧಾರಕ್ಕೆ ನಕ್ಷೆಯನ್ನು ಮಾಡಿಸಿದರು. ೨೦೧೧ರ ಹೊತ್ತಿಗೆ ಕೆರೆಯಲ್ಲಿ ನೀರೂ ಹಕ್ಕಿಗಳೂ ಕಾಣಿಸಿಕೊಂಡುವು. ಗಣೇಶನನ್ನು ಬಿಡಲು ಪ್ರತ್ಯೇಕ ಕಲ್ಯಾಣಿಯನ್ನು ಕಟ್ಟಿಸಿದುದು, ದನಗಳಿಗೆ ಮೇವನ್ನು ಕೊಯ್ದುಕೊಳ್ಳುವವರನ್ನು ಹೊರಗಟ್ಟದಿದ್ದುದು ಇವು ಆ ಸಂಘದವರ ವಿವೇಕಕ್ಕೆ ಸಾಕ್ಷಿಗಳು. ಕೆರೆಯೆಂದರೆ ಬೆಳಗಿನ ವಾಯುಸೇವನೆಯ ಪ್ರದಕ್ಷಿಣೆಪಥವೆಂದೇ ತಿಳಿದಿರುವ ನಗರದಲ್ಲಿ ಇದು ಸಣ್ಣ ಮಾತಲ್ಲ. ಕೆಲಕಾಲದಲ್ಲಿಯೇ ಅವರು ಮೇಲಣ ಕಸವನಹಳ್ಳಿಯ ಕೆರೆಯನ್ನೂ ಕೆಳಗಣ ಸೌಳ್‌ಕೆರೆಯನ್ನೂ ನೋಡಿಕೊಳ್ಳಬೇಕಾಯಿತು. ಮೇಲಿನಿಂದ ಕೊಳೆ ಬಂದರೆ ನಡುವಿನ ಕೆರೆಯನ್ನು ಎಷ್ಟು ಸಲ ತೊಳೆದರೇನು ಪ್ರಯೋಜನ?

ಜಯಪ್ರಕಾಶನಗರದ ಪುಟ್ಟೇನಹಳ್ಳಿಯ ಕೆರೆಯವರಿಗೆ ಇದೇ ಪಾಠವು ಇನ್ನೂ ಕಠಿನವಾಗಿ ಆಯಿತು. ಕೇವಲ ೧೩ ಎಕರೆಯಷ್ಟಿರುವ ಆ ಕೆರೆಯನ್ನು ನೆರೆಹೊರೆಯವರ ಟ್ರಸ್ಟೊಂದು ೨೦೧೧ರಲ್ಲಿ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಪಾಲಿಸತೊಡಗಿತು. ದಡವು ಹಸುರಾಯಿತು, ಹೂಳು ಹೋಯಿತು. ನೀರು ಮಾತ್ರ ಬರಲೊಲ್ಲದು. ಮಳೆನೀರು ಬರುತ್ತಿದ್ದ ನೆಲದ ಮೇಲೆಲ್ಲಾ ಬಹುಮಹಡಿಯ ಕಟ್ಟಡಗಳು ಎದ್ದಿದ್ದುವು. ಕಡೆಗೆ ಅಂತಹ ಒಂದು ವಸತಿ ಸಮುಚ್ಚಯದ ಬಚ್ಚಲ ನೀರನ್ನೇ ಶುದ್ಧೀಕರಿಸಿ ಕೆರೆಗೆ ತಿರುಗಿಸಿಕೊಂಡರು. ಉಪಾಯವು ಜಾಣತನದ್ದೇ. ಆದರೆ ನೆಲವನ್ನು ಕಳೆದುಕೊಂಡ ಕೆರೆಯು ಯಂತ್ರದ ಉಸಿರಿನಿಂದ ಬದುಕಬೇಕಾಗುವುದೆಂಬುದನ್ನೂ ಅದು ತೋರಿಸಿತು. ೨೦೨೦ರಲ್ಲಿ ಬೇರೊಂದು ಪ್ರಕರಣದಲ್ಲಿ ಹೈಕೋರ್ಟು ಖಾಸಗಿ ಸಂಸ್ಥೆಗಳೊಡನೆ ಕೆರೆಗಳ ಒಪ್ಪಂದವನ್ನು ಮಾಡಿಕೊಳ್ಳಬಾರದೆಂದು ಮಧ್ಯಂತರ ಆದೇಶವನ್ನಿತ್ತಾಗ ಇಂತಹ ನೆರೆಹೊರೆಯ ಸಂಘಗಳ ಒಪ್ಪಂದಗಳಿಗೂ ಅಡ್ಡಿಯಾಯಿತು. ಲಾಭಕ್ಕಾಗಿ ಬಂದ ಕಂಪನಿಯೂ ಕೈಯಿಂದ ಖರ್ಚುಮಾಡಿಕೊಂಡು ಬಂದ ನೆರೆಯವನೂ ಒಂದೇ ತಕ್ಕಡಿಯಲ್ಲಿ ಕುಳಿತುದು ವಿಚಿತ್ರವೇ ಸರಿ.

ಇಷ್ಟರಲ್ಲಿ ಬೆಳ್ಳಂದೂರಿನ ಕೆರೆಯು ದೇಶವಿದೇಶಗಳಲ್ಲಿ ಅಪಖ್ಯಾತಿಯನ್ನು ಪಡೆಯಿತು. ನಗರದ ಕೊಳಚೆಯ ಬಹುಭಾಗವು ಬಂದು ಸೇರುವ ಆ ಕೆರೆಯ ನೊರೆಯು ರಸ್ತೆಗೆ ಹಾರಿತು. ೨೦೧೫ರಲ್ಲಿ ನೊರೆಗೇ ಬೆಂಕಿ ಹತ್ತಿತು. ೨೦೧೭ರಲ್ಲಿಯೂ ೨೦೧೮ರಲ್ಲಿಯೂ ಕೆರೆಯಲ್ಲಿ ಮತ್ತೆ ಬೆಂಕಿಯೆದ್ದಿತು. ವಡಬಾಗ್ನಿಯ ಕಥೆಯನ್ನು ಪುರಾಣದಲ್ಲಿ ಓದಿದ್ದವರು ಅದನ್ನು ಕಣ್ಣಾರೆ ಕಂಡರು. ಆದರೆ ನಿಜವಾದ ವ್ಯಾಜ್ಯವು ನೊರೆಯನ್ನು ಕುರಿತದ್ದಾಗಿರಲಿಲ್ಲ. ಅಗರದ ಕೆರೆಗೂ ಬೆಳ್ಳಂದೂರಿನ ಕೆರೆಗೂ ನಡುವೆ ರಾಜಕಾಲುವೆಗಳು ಹಾಯ್ದುಹೋಗುವ ತಗ್ಗಿನ ಜೌಗುನೆಲವೊಂದುಂಟು. ಅಲ್ಲಿ ಎರಡು ಕಂಪನಿಗಳು ಭಾರಿ ಕಟ್ಟಡಗಳನ್ನು ಎಬ್ಬಿಸಲು ತೊಡಗಿದ್ದುವು. ಫಾರ್ವರ್ಡ್ ಫೌಂಡೇಷನ್ ಮೊದಲಾದ ನಾಗರಿಕ ಸಂಘಗಳು ೨೦೧೪ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠದ ಮುಂದೆ ಹೋದುವು. ನ್ಯಾಯಪೀಠವು ಕಂಪನಿಗಳಿಗೆ ದಂಡ ವಿಧಿಸಿತಲ್ಲದೆ, ೨೦೧೬ರ ಮೇ ತಿಂಗಳ ೪ನೆಯ ತಾರೀಖು ಬೆಂಗಳೂರಿಗೆಲ್ಲಾ ಅನ್ವಯಿಸುವಂತೆ ಒಂದು ಅಳತೆಯನ್ನು ಗೊತ್ತುಮಾಡಿತು. ಕೆರೆಯ ಸುತ್ತ ೭೫ ಮೀಟರು, ಮೊದಲ ದರ್ಜೆಯ ರಾಜಕಾಲುವೆಗೆ ೫೦, ಎರಡನೆಯದಕ್ಕೆ ೩೫, ಮೂರನೆಯದಕ್ಕೆ ೨೫ ಮೀಟರುಗಳ ನೆಲವನ್ನು ಕಟ್ಟಡವಿಲ್ಲದೆ ಬಿಡಬೇಕೆಂಬುದೇ ಅದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ೨೦೧೫ರ ಪರಿಷ್ಕೃತ ಮಹಾಯೋಜನೆಯೆಂಬ ಹೆಸರಿನಿಂದ ೨೦೦೭ರಲ್ಲಿ ಮಂಜೂರಾದ ನಗರದ ನಕ್ಷೆಯಲ್ಲಿಯೂ ಅಳತೆಗಳಿದ್ದುವು: ಕೆರೆಗೆ ೩೦ ಮೀಟರು, ಕಾಲುವೆಗಳಿಗೆ ಕ್ರಮವಾಗಿ ೫೦, ೨೫, ೧೫. ದೊಡ್ಡ ಕಾಲುವೆಯ ಅಂಕಿ ಎರಡರಲ್ಲಿಯೂ ಒಂದೇ ಎಂದು ಕಂಡೀತು. ಆದರೆ ನಕ್ಷೆಯವರು ಕಾಲುವೆಯ ನಡುಗೆರೆಯಿಂದ ಅಳೆದರು. ನ್ಯಾಯಪೀಠವು ಅಂಚಿನಿಂದ ಅಳೆಯಿತು. ಕಾಲುವೆಯು ಅಗಲವಾದಷ್ಟೂ ನಡುವಿನಿಂದ ಅಳೆದವನಿಗೆ ನೆಲ ಮಿಗುವುದು, ಪ್ರವಾಹಕ್ಕೆ ನೆಲ ಸಾಲದಾಗುವುದು. ಹಗ್ಗದ ತುದಿಯನ್ನು ಎಲ್ಲಿ ಹಿಡಿಯಬೇಕೆಂಬ ಈ ಒಂದು ಪ್ರಶ್ನೆಯಲ್ಲಿ ಎಷ್ಟೋ ಕೋಟಿ ರೂಪಾಯಿಗಳ ಭೂಮಿಯು ಅಡಗಿದ್ದಿತು.

ಮೂರು ವರ್ಷಗಳೊಳಗೆ ಈ ಜಯವು ಜಾರಿತು. ೨೦೧೯ರ ಮಾರ್ಚಿ ೫ರಂದು ಸುಪ್ರೀಂ ಕೋರ್ಟು ನ್ಯಾಯಪೀಠದ ಸಾಮಾನ್ಯ ಅಳತೆಯನ್ನು ರದ್ದುಮಾಡಿತು. ಶಾಸನಬದ್ಧವಾಗಿ ರಚಿತವಾದ ಮಹಾಯೋಜನೆಯನ್ನು ತಿದ್ದಿ ಬರೆಯುವ ಅಧಿಕಾರವು ನ್ಯಾಯಪೀಠಕ್ಕಿಲ್ಲವೆಂಬುದು ತೀರ್ಪಿನ ತಿರುಳು. ನಾಗರಿಕರು ಇದರಿಂದ ಬಹಳ ನೊಂದರು. ನೊಂದುದು ಸಹಜ. ಆದರೆ ತೀರ್ಪನ್ನು ಸಮಾಧಾನದಿಂದ ಓದಿದವರಿಗೆ ಅದರಲ್ಲಿಯೇ ಒಂದು ದಾರಿಯೂ ಕಾಣುವುದು. ಅಳತೆಯು ನಕ್ಷೆಗೆ ಸೇರಿದುದಾದರೆ ನಕ್ಷೆಯನ್ನು ಬರೆಯುವ ಸ್ಥಳದಲ್ಲಿ ನಾಗರಿಕರು ಹಾಜರಿರಬೇಕು. ೧೯೬೧ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಇದಕ್ಕೆ ಬಾಗಿಲನ್ನು ತೆರೆದೇ ಇಟ್ಟಿದೆ. ಕರಡು ನಕ್ಷೆಯನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಬೇಕು. ಭೂಮಿಯ ಉಪಯೋಗವನ್ನು ಬದಲಾಯಿಸುವಾಗಲೂ ಪ್ರಕಟಣೆ ಕೊಡಬೇಕು. ಆ ಪ್ರಕಟಣೆಗಳು ವೃತ್ತಪತ್ರಿಕೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತವೆ, ಓದುವವರು ಕಡಮೆ. ತಳಪಾಯ ಹಾಕಿದ ಮೇಲೆ ಹತ್ತು ವರ್ಷ ವ್ಯಾಜ್ಯವಾಡುವುದಕ್ಕಿಂತ, ಸಕಾಲದಲ್ಲಿ ಸರ್ವೆ ನಂಬರನ್ನು ಕಾಣಿಸಿ, ಹಳೆಯ ಗ್ರಾಮನಕ್ಷೆಯ ನಕಲನ್ನು ಲಗತ್ತಿಸಿ ಬರೆದ ಒಂದು ಆಕ್ಷೇಪಣೆಯ ಕಾಗದವು ಹೆಚ್ಚು ಕೆಲಸ ಮಾಡಬಲ್ಲುದು. ೨೦೩೧ರ ಮಹಾಯೋಜನೆಯ ಕರಡು ೨೦೧೭ರಲ್ಲಿ ಹೊರಬಿದ್ದಾಗ ಸಾವಿರಗಟ್ಟಲೆ ಆಕ್ಷೇಪಣೆಗಳು ಬಂದುವು. ಆ ಕರಡು ಮುಂದೆ ಹಿಂದೆಗೆಯಲ್ಪಟ್ಟಿತು.

ಪೋರುಮಾಮಿಳ್ಳದ ಶಾಸನವು ಎರಡು ರಾಜ್ಯಗಳ ಗಡಿಯನ್ನು ದೋಷವೆಂದಿತಷ್ಟೆ. ಬೆಂಗಳೂರಿನ ಕೆರೆಯೊಂದರ ಅಂಗಳವು ಒಬ್ಬರದು, ಕಾಲುವೆ ಮತ್ತೊಬ್ಬರದು, ಕೊಳಚೆ ಮೂರನೆಯವರದು, ಒತ್ತುವರಿಯನ್ನು ತೆಗೆಸುವ ಹೊಣೆ ನಾಲ್ಕನೆಯವರದು. ಅರಣ್ಯ, ಸಣ್ಣ ನೀರಾವರಿ, ಕಂದಾಯ, ನಗರಾಭಿವೃದ್ಧಿ, ಜಲಮಂಡಲಿ ಎಂಬಿಷ್ಟು ರಾಜ್ಯಗಳ ಗಡಿಯಲ್ಲಿ ಬಿದ್ದಿರುವ ಕೆರೆಗೆ ಎಷ್ಟು ದೋಷಗಳೆಂದು ಆ ಶಾಸನಕವಿಯು ಎಣಿಸುತ್ತಿದ್ದನೋ! ಈ ಗಡಿಗಳನ್ನೆಲ್ಲಾ ದಾಟಿ ಕೆರೆಯನ್ನು ಒಂದಾಗಿ ನೋಡಿದವರು ಈ ಸಂಘಗಳವರೇ. ಅವರಲ್ಲಿಯೂ ಜಗಳಗಳುಂಟು, ಗೇಟು ಬೇಲಿಗಳ ವ್ಯಾಮೋಹವುಂಟು. ಆದರೂ ಕೋಡಿಯಿಂದ ಹಿಡಿದು ಮೇಲಣ ಕೆರೆಯವರೆಗೆ ಕಾಲ್ನಡಿಗೆಯಲ್ಲಿ ಹೋಗಿ ಕಾಲುವೆ ಎಲ್ಲಿ ಮುಚ್ಚಿದೆಯೆಂದು ಗುರುತಿಸಿದವರು ಅವರು.

೨೦೨೫ರ ಆಗಸ್ಟಿನಲ್ಲಿ ರಾಜ್ಯದ ವಿಧಾನಮಂಡಲವು ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಗೆ ತಿದ್ದುಪಡಿಯ ವಿಧೇಯಕವನ್ನು ಅಂಗೀಕರಿಸಿತು. ಅದರಂತೆ ೩೦ ಮೀಟರುಗಳ ಅಂಚು ನೂರು ಎಕರೆಗೆ ಮೀರಿದ ಕೆರೆಗಳಿಗೆ ಮಾತ್ರ. ಕೆರೆಯು ಕಿರಿದಾದಂತೆ ಅಂಚೂ ಕಿರಿದಾಗಬೇಕು. ಕೇಳುವುದಕ್ಕೆ ಇದು ನ್ಯಾಯವಾಗಿಯೇ ತೋರುವುದು. ಆದರೆ ಸರಣಿಯ ತಲೆಯಲ್ಲಿರುವ ಕೆರೆಗಳೇ ಬಹುಮಟ್ಟಿಗೆ ಕಿರಿಯವು. ದಿಣ್ಣೆಯ ಮಳೆಯನ್ನು ಮೊದಲು ಹಿಡಿದು ಕೆಳಗಿನವುಗಳಿಗೆ ಕಳುಹಿಸುವುವೂ ಅವೇ. ಈ ಮಾತನ್ನು ಕಾಣಿಸಿ, ವಿಧೇಯಕಕ್ಕೆ ಅಂಕಿತವನ್ನು ಹಾಕಬಾರದೆಂದು ನಾಗರಿಕ ಸಂಘಗಳು ರಾಜ್ಯಪಾಲರಿಗೆ ಮನವಿಗಳನ್ನು ಬರೆದುಕೊಂಡುವು.