ತುಂಬಿಸುವ ಅಭ್ಯಾಸದ ಚರಿತ್ರೆ

ರಾತ್ರಿ ಮಲಗುವ ಮುನ್ನ ಮೊಬೈಲನ್ನು ಚಾರ್ಜಿಗೆ ಹಾಕಿ ಬೆಳಗಿನವರೆಗೂ ಬಿಡುವುದು ಪುಣೆಯ ನಮ್ಮ ಮನೆಗಳಲ್ಲಿ ದೀಪ ಆರಿಸುವಷ್ಟೇ ಸಹಜವಾಗಿದೆ. ಬ್ಯಾಟರಿ ಪೂರ್ತಿ ಬರಿದಾದ ಮೇಲೆಯೇ ತುಂಬಿಸಬೇಕು, ತುಂಬಿಸಿದರೆ ನೂರಕ್ಕೆ ನೂರು ತುಂಬಿಸಬೇಕು ಎಂಬ ಎರಡು ನಂಬಿಕೆಗಳು ನಮ್ಮಲ್ಲಿ ಬೇರೂರಿವೆ. ಎರಡಕ್ಕೂ ಚರಿತ್ರೆಯಲ್ಲಿ ಕಾರಣಗಳುಂಟು.

ಮೊದಲನೆಯದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಬಳುವಳಿ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ರೂಪಿಸಿದ ಈ ಬ್ಯಾಟರಿಯನ್ನು ಅರ್ಧ ಬಳಸಿ ಮತ್ತೆ ಮತ್ತೆ ತುಂಬಿಸಿದರೆ ಅದರ ಸಾಮರ್ಥ್ಯ ಕುಗ್ಗಿದಂತೆ ತೋರುತ್ತಿತ್ತು. ಪೂರ್ತಿ ಬರಿದು ಮಾಡುವುದೇ ಅದಕ್ಕೆ ಮದ್ದಾಗಿತ್ತು. ಆರಂಭದ ಮೊಬೈಲುಗಳಲ್ಲಿ ನಿಕಲ್ ಬ್ಯಾಟರಿಗಳೇ ಇದ್ದವು. 1991ರಲ್ಲಿ ಸೋನಿ ಸಂಸ್ಥೆ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 2003ರ ನೋಕಿಯಾ 1100ರ ಮೂಲಕ ಅದು ಸಾಮಾನ್ಯರ ಜೇಬನ್ನೂ ಸೇರಿತು. ಬ್ಯಾಟರಿ ಬದಲಾದರೂ ಹಳೆಯ ಉಪದೇಶ ಉಳಿಯಿತು.

ಎರಡನೆಯ ನಂಬಿಕೆಗೆ ವಿದ್ಯುತ್ತಿನ ಅಭಾವ ಬಲ ಕೊಟ್ಟಿತು. 2005ರ ಸುಮಾರಿಗೆ ಮಹಾರಾಷ್ಟ್ರದಲ್ಲಿ ಲೋಡ್ ಶೆಡ್ಡಿಂಗ್ ದಿನಚರಿಯ ಭಾಗವಾಗಿತ್ತು. ಕರೆಂಟು ಇರುವಾಗಲೇ ಮೊಬೈಲನ್ನು ತುಂಬಿಸಿಟ್ಟುಕೊಳ್ಳುವುದು ಊರಿನಿಂದ ದೂರವಿದ್ದವರಿಗೆ ವಿವೇಕವೇ ಆಗಿತ್ತು. 2006ರಲ್ಲಿ ಕಾರ್ಖಾನೆಗಳು ತಮ್ಮ ಜನರೇಟರುಗಳನ್ನು ನಡೆಸಿ ಜಾಲದ ವಿದ್ಯುತ್ತನ್ನು ನಗರಕ್ಕೆ ಬಿಟ್ಟುಕೊಟ್ಟ 'ಪುಣೆ ಮಾದರಿ' ಈ ಕಷ್ಟವನ್ನು ತಗ್ಗಿಸಿತು. ಆದರೆ ಕಷ್ಟಕಾಲದ ರೂಢಿ ಹೋಗಲಿಲ್ಲ. ಮನೆಯ ಇನ್ವರ್ಟರಿನ ಸೀಸ-ಆಮ್ಲ ಬ್ಯಾಟರಿಯೂ ಅದನ್ನೇ ಕಲಿಸಿತು: ಅದನ್ನು ಅರೆಬರೆ ತುಂಬಿಸಿ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ತುಂಬಿರುವುದೇ ಅದಕ್ಕೆ ಕ್ಷೇಮ.

ಲಿಥಿಯಂ-ಅಯಾನಿನ ಸ್ವಭಾವ ಬೇರೆ. ಪೂರ್ತಿ ತುಂಬಿದಾಗ ಅದರ ಕೋಶದ ಒತ್ತಡ ಸಾಮಾನ್ಯವಾಗಿ 4.2 ವೋಲ್ಟಿನ ಸುಮಾರಿಗೆ ಏರುತ್ತದೆ. ಆ ಸ್ಥಿತಿಯಲ್ಲಿಯೇ ಬಹುಕಾಲ ಉಳಿದರೆ ಒಳಗಿನ ದ್ರಾವಣ ಮೆಲ್ಲನೆ ವಿಘಟನೆಗೊಂಡು ಸಾಮರ್ಥ್ಯ ಕುಂದುತ್ತದೆ. ಶಾಖ ಇದನ್ನು ತೀವ್ರಗೊಳಿಸುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಪುಣೆಯ ಉಷ್ಣಾಂಶ 40 ಡಿಗ್ರಿಯ ಸಮೀಪಕ್ಕೆ ಹೋಗುವಾಗ ದಿಂಬಿನ ಕೆಳಗೆ ಚಾರ್ಜಾಗುವ ಮೊಬೈಲಿಗೆ ಎರಡೂ ಕೇಡುಗಳು ಒಟ್ಟಿಗೆ ತಟ್ಟುತ್ತವೆ. ಪದೇ ಪದೇ ಪೂರ್ತಿ ಬರಿದು ಮಾಡುವುದೂ ಹಿತವಲ್ಲ. ಶೇ. 20ರಿಂದ 80ರ ನಡುವೆ ಇರಿಸಿ, ತಂಪಾದ ಜಾಗದಲ್ಲಿ ಸ್ವಲ್ಪಸ್ವಲ್ಪವೇ ತುಂಬಿಸುವುದು ಅದರ ಆಯುಸ್ಸಿಗೆ ಒಳ್ಳೆಯದು. ಇಂದಿನ ಹಲವು ಮೊಬೈಲುಗಳಲ್ಲಿ ಶೇ. 80ಕ್ಕೆ ತಡೆಯುವ ವ್ಯವಸ್ಥೆಯೇ ಇದೆ.

ಊರಿಗೆ ಹೊರಡುವ ರಾತ್ರಿ ಬಸ್ಸಿಗೆ ಮುನ್ನ ನೂರು ತುಂಬಿಸಿಕೊಂಡರೆ ಅಡ್ಡಿಯಿಲ್ಲ. ಉಳಿದ ದಿನಗಳಲ್ಲಿ, ಕರೆಂಟು ಹೋಗುತ್ತಿದ್ದ ಕಾಲದ ಭಯವನ್ನು ನಾವು ಇನ್ನು ಬಿಡಬಹುದು.