ಫುಸ್ತಾತಿನ ಗೋಡೆಯೊಳಗಿದ್ದ ಮಂಗಳೂರು

ಈ ಸಲ ಪೆರ್ನಾಲ್ ರಜೆಗೆ ನಾವು ಊರಿಗೆ ಬರಲಿಲ್ಲ, ಕೈರೋಗೆ ಹೋದೆವು. ದುಬೈಯಿಂದ ವಿಮಾನದಲ್ಲಿ ಹೆಚ್ಚುಕಮ್ಮಿ ಮಂಜೇಶ್ವರಕ್ಕೆ ಬಂದಷ್ಟೇ ಹೊತ್ತು. ಪಿರಮಿಡ್, ನೈಲ್ ನದಿ, ಖಾನ್ ಅಲ್ ಖಲೀಲಿ ಬಜಾರು ಎಲ್ಲ ನೋಡಿದೆವು. ಅದನ್ನೆಲ್ಲ ಬರೆಯುವುದಿಲ್ಲ, ಫೋಟೋಗಳನ್ನು ಮನೆಯವಳು ಆಗಲೇ ಎಲ್ಲ ಗ್ರೂಪಿಗೂ ಹಾಕಿ ಆಗಿದೆ. ನಾನು ಕೈರೋಗೆ ಹೋದದ್ದು ಒಂದು ಯಹೂದಿ ಪ್ರಾರ್ಥನಾ ಮಂದಿರ ನೋಡಲು. ಹೀಗೆಂದಾಗ ಆಫೀಸಿನಲ್ಲಿ ಒಬ್ಬರು ಹುಬ್ಬೇರಿಸಿದರು. ನಮ್ಮ ಮಂಗಳೂರಿನ ಬಗ್ಗೆ ಇರುವ ಅತಿ ಹಳೆಯ ಕಾಗದಪತ್ರಗಳಲ್ಲಿ ಕೆಲವು ಆ ಮಂದಿರದ ಗೋಡೆಯೊಳಗೆ ಏಳುನೂರು ವರ್ಷಕ್ಕೂ ಹೆಚ್ಚು ಕಾಲ ಬಿದ್ದಿದ್ದವು ಎಂದು ಹೇಳಿದ ಮೇಲೆ ಸುಮ್ಮನಾದರು.

ಹಳೆ ಕೈರೋದ ಅರ್ಧ ದಿನದ ಟೂರ್ ಅದು. ಬಸ್ಸಿನಲ್ಲಿ ಹೆಚ್ಚಿನವರು ಮಲಪ್ಪುರಂ ಕಡೆಯವರು. ಗೈಡ್ ಈಜಿಪ್ಟಿನವನೇ ಆದ ಯುವಕ, ಚುರುಕು ನಾಲಗೆ. ಮೊದಲು ಅಮ್ರ್ ಇಬ್ನುಲ್ ಆಸ್‌ರ ಪಳ್ಳಿಗೆ ಕರೆದುಕೊಂಡು ಹೋದ. ಈಜಿಪ್ಟನ್ನು ಗೆದ್ದ ಸೇನಾಪತಿ 642ರ ಸುಮಾರಿಗೆ ಕಟ್ಟಿಸಿದ, ಆಫ್ರಿಕಾದ ಮೊದಲ ಪಳ್ಳಿ. ಈಗ ಇರುವುದು ಮತ್ತೆ ಮತ್ತೆ ಕಟ್ಟಿದ, ಹಿಗ್ಗಿಸಿದ ಕಟ್ಟಡ. ಇದರ ಸುತ್ತ ಬೆಳೆದ ಪಟ್ಟಣವೇ ಫುಸ್ತಾತ್. ಕೈರೋ ಹುಟ್ಟಿದ್ದು ಆಮೇಲೆ, 969ರಲ್ಲಿ. ಎರಡು ರಕಅತ್ ನಮಾಝ್ ಮಾಡಿ ಹೊರಟೆವು.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ರೋಮನ್ನರ ಬಾಬಿಲೋನ್ ಕೋಟೆಯ ಗೋಡೆಗಳು, ಅದರೊಳಗೆ ಹಳೆಯ ಕಾಪ್ಟಿಕ್ ಇಗರ್ಜಿಗಳು, ಓಣಿಯ ಕೊನೆಯಲ್ಲಿ ಬೆನ್ ಎಜ್ರಾ ಸಿನಗಾಗ್. ಪಳ್ಳಿ, ಇಗರ್ಜಿ, ಸಿನಗಾಗ್ ಮೂರೂ ಒಂದೇ ಕೇರಿಯಲ್ಲಿ, ಇದು ನಮ್ಮ ಈಜಿಪ್ಟ್ ಎಂದು ಗೈಡ್ ಎದೆ ತಟ್ಟಿ ಹೇಳಿದ. ಮಾತು ಸುಳ್ಳಲ್ಲ. ಆದರೆ ಹನ್ನೊಂದನೇ ಶತಮಾನದ ಆರಂಭದಲ್ಲಿ ಖಲೀಫ ಅಲ್ ಹಾಕಿಮ್ ಇಗರ್ಜಿಗಳ ಜೊತೆಗೆ ಈ ಸಿನಗಾಗನ್ನೂ ಕೆಡವಿಸಿದ್ದ, ಕೆಲವು ವರ್ಷಗಳ ನಂತರ ಯಹೂದಿಗಳು ಮತ್ತೆ ಕಟ್ಟಿಕೊಂಡರು. ಅದನ್ನು ಅವನು ಹೇಳಲಿಲ್ಲ. ಮೂಸಾ ನಬಿಯವರನ್ನು ತೊಟ್ಟಿಲಿನಲ್ಲಿಟ್ಟು ನೀರಿಗೆ ಬಿಟ್ಟಾಗ ಸಿಕ್ಕಿದ ಜಾಗ ಇದೇ ಎಂದು ಹೇಳಿದ. ಬಸ್ಸಿನವರೆಲ್ಲ ಸುಬ್‌ಹಾನಲ್ಲಾ ಅಂದರು. ಅದು ಐತಿಹ್ಯ, ಇತಿಹಾಸ ಅಲ್ಲ. ನಾನು ಬಾಯಿ ಬಿಡಲಿಲ್ಲ.

ಒಳಗೆ ಅಮೃತಶಿಲೆಯ ವೇದಿಕೆ, ಎರಡು ಸಾಲು ಕಂಬ, ಮೇಲೆ ಹೆಂಗಸರಿಗೆ ಉಪ್ಪರಿಗೆ. ಈಗಿನ ಕಟ್ಟಡ 1890ರ ದಶಕದ್ದು. ದುರಸ್ತಿಯೆಲ್ಲ ಮುಗಿದು 2023ರಲ್ಲಿ ಮತ್ತೆ ಜನರಿಗೆ ತೆರೆದಿದ್ದಾರೆ. ಎಲ್ಲವೂ ಥಳಥಳ. ನಮ್ಮ ಜೊತೆಗಿದ್ದ ಒಬ್ಬ ಹಿರಿಯರು, ಇವರ ಪ್ರಾರ್ಥನೆ ಯಾವಾಗ ಎಂದು ಕೇಳಿದರು. ಇಲ್ಲಿ ಪ್ರಾರ್ಥನೆ ಇಲ್ಲ, ಜನ ಇಲ್ಲ ಎಂದು ಗೈಡ್ ಹೇಳಿದ, ಮುಂದಿನ ಪ್ರಶ್ನೆಗೆ ಅವಕಾಶ ಕೊಡಲಿಲ್ಲ. 1948ರ ಹೊತ್ತಿಗೆ ಈಜಿಪ್ಟಿನಲ್ಲಿ ಸುಮಾರು 75 ಸಾವಿರ ಯಹೂದಿಗಳಿದ್ದರು. ಇಸ್ರೇಲಿನ ಸ್ಥಾಪನೆ, 1956ರ ಸುಯೆಜ್ ಯುದ್ಧ, 1967ರ ಯುದ್ಧ, ಒಂದೊಂದರ ನಂತರವೂ ಅವರು ಹೊರಟುಹೋದರು, ಅನೇಕರನ್ನು ಹೊರಡಿಸಲಾಯಿತು. ಈಗ ಬೆರಳೆಣಿಕೆಯ ಜನ. ಸಾವಿರ ವರ್ಷ ಇದ್ದ ಊರಿನಿಂದ ಒಂದು ಸಮುದಾಯ ಇಪ್ಪತ್ತು ವರ್ಷಗಳಲ್ಲಿ ಇಲ್ಲವಾಗಬಹುದು ಎಂಬುದನ್ನು ಖಾಲಿ ಬೆಂಚುಗಳ ನಡುವೆ ನಿಂತು ನೋಡುವುದು ಬೇರೆಯೇ.

ನಾನು ಕಾಯುತ್ತಿದ್ದುದು ಉಪ್ಪರಿಗೆಯ ಮಾತಿಗೆ. ಹೆಂಗಸರ ಉಪ್ಪರಿಗೆಯ ತುದಿಯಲ್ಲಿ ಗೋಡೆಯ ಮೇಲ್ಭಾಗಕ್ಕೆ ಒಂದು ಕಂಡಿ ಇತ್ತು. ಏಣಿ ಹಾಕಿ ಹತ್ತಬೇಕು. ಆಚೆ ಒಂದು ಕತ್ತಲೆಯ ಕೋಣೆ. ಇದರ ಹೆಸರು ಗೆನಿಜಾ. ದೇವರ ಹೆಸರಿರುವ ಕಾಗದವನ್ನು ಯಹೂದಿಗಳು ಎಸೆಯುವುದಿಲ್ಲ, ಇಂಥ ಕಡೆ ಹಾಕಿಟ್ಟು ನಂತರ ಹೂಳುತ್ತಾರೆ. ನಮ್ಮ ಮನೆಗಳಲ್ಲಿ ಹರಿದ ಕುರ್‌ಆನ್ ಪುಟಗಳನ್ನು ಕಾಲು ತಾಗದ ಕಡೆ ಹೂಳುವುದು ಗೊತ್ತಲ್ಲ, ಅದೇ ಅದಬು. ಆದರೆ ಫುಸ್ತಾತಿನವರು ಎರಡು ವಿಷಯದಲ್ಲಿ ಬೇರೆ. ಹಾಕಿದ್ದನ್ನು ಹೂಳಲು ಮರೆತರು. ಮತ್ತು ಧರ್ಮಗ್ರಂಥ ಮಾತ್ರವಲ್ಲ, ಹೀಬ್ರೂ ಅಕ್ಷರದಲ್ಲಿ ಬರೆದದ್ದನ್ನೆಲ್ಲ ಅಲ್ಲಿಗೇ ಹಾಕಿದರು. ವ್ಯಾಪಾರದ ಪತ್ರ, ಸಾಲದ ಚೀಟಿ, ಮದುವೆ ಕರಾರು, ಸಾಮಾನಿನ ಪಟ್ಟಿ. ಭಾಷೆ ಹೆಚ್ಚಿನದು ಅರಬಿ, ಲಿಪಿ ಹೀಬ್ರೂ. ಮಲಯಾಳವನ್ನು ಅರಬಿ ಲಿಪಿಯಲ್ಲಿ ಬರೆದ ಮುಹ್‌ಯಿದ್ದೀನ್ ಮಾಲೆ ಓದಿಕೊಂಡು ಬೆಳೆದ ನಮಗೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ಕೈರೋದಲ್ಲಿ ಮಳೆ ಅಂದರೆ ಅಪರೂಪ, ಹಾಗಾಗಿ ಕಾಗದ ಉಳಿಯಿತು. ನಮ್ಮ ಆಷಾಢದ ಮಳೆಯಲ್ಲಾಗಿದ್ದರೆ ಒಂದು ಚೂರೂ ಸಿಗುತ್ತಿರಲಿಲ್ಲ.

1896ರಲ್ಲಿ ಇಬ್ಬರು ಅವಳಿ ಸೋದರಿಯರು ಕೆಲವು ಚೂರುಗಳನ್ನು ಕೇಂಬ್ರಿಜ್‌ಗೆ ತಂದರು, ಅವನ್ನು ನೋಡಿದ ವಿದ್ವಾಂಸ ಸೊಲೊಮನ್ ಶೆಕ್ಟರ್ ಕೈರೋಗೆ ಓಡಿಬಂದು ಕೋಣೆಯ ಬಹುಭಾಗವನ್ನು ಸಾಗಿಸಿದ. ಕೇಂಬ್ರಿಜ್‌ನಲ್ಲೇ 1,90,000ಕ್ಕಿಂತ ಹೆಚ್ಚು ತುಣುಕುಗಳಿವೆ. ಇವುಗಳ ರಾಶಿಯಿಂದ ಹಿಂದೂ ಮಹಾಸಾಗರದ ವ್ಯಾಪಾರಿಗಳ ಪತ್ರಗಳನ್ನು ಹೆಕ್ಕಿ ಓದಿದವರು ಎಸ್. ಡಿ. ಗೊಯಿಟೈನ್. ಆ ಕೆಲಸದ ಜಾಡು ಹಿಡಿದು ಅಮಿತಾವ್ ಘೋಷ್ ಮಂಗಳೂರಿನವರೆಗೆ ಬಂದರು, 1992ರಲ್ಲಿ 'ಇನ್ ಆನ್ ಆಂಟೀಕ್ ಲ್ಯಾಂಡ್' ಬರೆದರು. ನನ್ನ ತಲೆಗೆ ಹುಳ ಬಿಟ್ಟದ್ದು ಆ ಪುಸ್ತಕವೇ.

ಅಬ್ರಹಾಂ ಬೆನ್ ಯಿಜು ಈಗಿನ ಟ್ಯುನೀಸಿಯದ ಮಹ್ದಿಯಾ ಎಂಬ ಕಡಲತೀರದ ಊರಿನವನು. ಏಡನ್ನಿಗೆ ಬಂದ, ಅಲ್ಲಿಯ ದೊಡ್ಡ ವ್ಯಾಪಾರಿ ಮದ್ಮೂನ್ ಎಂಬವನ ಆಶ್ರಯ ಸಿಕ್ಕಿತು. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಪತ್ರಗಳಲ್ಲಿ ಊರಿನ ಹೆಸರು ಮಂಜರೂರ್. ಹದಿನೇಳು ವರ್ಷ ಇಲ್ಲೇ ಇದ್ದ, ಕೆಳಗೆ ಮಲಬಾರಿನ ರೇವುಗಳವರೆಗೂ ವ್ಯವಹಾರ ಇತ್ತು. ಅಂದರೆ ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕಡಲನ್ನು ದಾಟಿ ಎಷ್ಟು ಸಲ ಹೋದನೋ! ಕರಿಮೆಣಸು, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಅಡಿಕೆ ಕೂಡ. ಹಿತ್ತಾಳೆ ಪಾತ್ರೆಯ ಕಾರ್ಖಾನೆಯೊಂದಿತ್ತು. ಏಡನ್ನಿನವರು ಒಡೆದ ಪಾತ್ರೆ ಹಡಗಿನಲ್ಲಿ ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು. ಅವರಿಂದ ಇವನಿಗೆ ಬರುತ್ತಿದ್ದದ್ದು ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಚಾಪೆ, ಮತ್ತು ಮುಖ್ಯವಾಗಿ ಬರೆಯುವ ಕಾಗದ. ಕಾಗದ ಇಲ್ಲಿ ಸಿಗದ ಕಾರಣ ಬಂದ ಪತ್ರದ ಬೆನ್ನಿಗೇ ಲೆಕ್ಕ ಬರೆಯುತ್ತಿದ್ದ. ಏಲಕ್ಕಿಗೆ ಮುಂಗಡ ತೆಗೆದುಕೊಂಡ ದಲ್ಲಾಳಿಯೊಬ್ಬ ಮಾಲು ಕೊಡದೆ ಸತಾಯಿಸಿದ ಜಗಳ ಪತ್ರದಿಂದ ಪತ್ರಕ್ಕೆ ಸಾಗುತ್ತದೆ. ಬಂದರಿನ ಯಾವ ಮಂಡಿಯಲ್ಲಿ ಕೇಳಿದರೂ ಇಂಥ ಕಥೆ ಇವತ್ತಿಗೂ ಸಿಗುತ್ತದೆ.

ಅವನಿಗೊಬ್ಬ ಗುಲಾಮನಿದ್ದ. ಪತ್ರಗಳಲ್ಲಿ ಮೂರೇ ಅಕ್ಷರ, ಬ-ಮ-ಅ. ಇದು ತುಳುನಾಡಿನ ಬೊಮ್ಮ ಎಂಬ ಹೆಸರಿರಬೇಕು ಎಂದು ಘೋಷ್ ಅವರಿಗೆ ಸೂಚಿಸಿದವರು ನಮ್ಮ ಪ್ರೊ. ಬಿ. ಎ. ವಿವೇಕ ರೈ. 1135ರಲ್ಲಿ ಬೊಮ್ಮನನ್ನು ಹಣ, ಸರಕು ಕೊಟ್ಟು ಏಡನ್ನಿಗೆ ಕಳಿಸಿದ್ದರು. ಅಲ್ಲಿ ಅವನು ಕುಡಿದು ರಂಪ ಮಾಡಿ, ತಿಂಗಳಿಗೆ ಎರಡು ದೀನಾರದ ಸಂಬಳ ಸಾಲದು ಎಂದು ನಾಲ್ಕು ತಿಂಗಳ ಹಣ ಮುಂಗಡ ವಸೂಲಿ ಮಾಡಿದ ಎಂದು ಮದ್ಮೂನನ ದೂರು. ನಂತರದ ಪತ್ರಗಳಲ್ಲಿ ಏಡನ್ನಿನವರು ಅವನಿಗೂ ಸಲಾಂ ಹೇಳಿ ಕಳಿಸುತ್ತಾರೆ. ಗುಲಾಮನೆಂದರೆ ಸಿನೆಮಾದ ಸಂಕೋಲೆಯೇ ಆಗಬೇಕಿಲ್ಲ, ಮನೆಯ ಮನುಷ್ಯನೂ ವ್ಯಾಪಾರದ ಏಜೆಂಟನೂ ಆಗಿದ್ದ. ಹಾಗೆಂದು ಸ್ವತಂತ್ರನಾಗಿರಲಿಲ್ಲ.

ನಾನು ನಿಜವಾಗಿ ಬರೆಯಬೇಕೆಂದಿದ್ದದ್ದು ಆಶುವಿನ ಬಗ್ಗೆ.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಒಂದು ಪತ್ರ ಬರೆಸಿದ. ಅದು ಈಗ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ್ದೇನೆ, ಇನ್ನು ಮುಂದೆ ಅವಳ ಹೆಸರು ಬೆರಾಖಾ ಎಂದು ಅದರ ಸಾರ. ಬೆರಾಖಾ ಅಂದರೆ ಬರಕತ್ತು. ಅವಳೇ ಅವನ ಮಕ್ಕಳ ತಾಯಿ ಎಂದು ಹೆಚ್ಚಿನ ವಿದ್ವಾಂಸರು ತಿಳಿಯುತ್ತಾರೆ. ಲೆಕ್ಕದಲ್ಲಿ ನಾಯರ್ ಎಂಬ ಭಾವಮೈದನ ಹೆಸರು ಬರುವುದರಿಂದ ಅವಳು ಮಲಬಾರಿನ ನಾಯರ್ ಕುಟುಂಬದವಳಿರಬಹುದು ಎಂದು ಘೋಷ್ ಊಹಿಸುತ್ತಾರೆ.

ನಮ್ಮ ಸಮ್ಮೇಳನಗಳಲ್ಲಿ ಬ್ಯಾರಿಗಳ ಮೂಲದ ಬಗ್ಗೆ ಭಾಷಣ ಇದ್ದೇ ಇರುತ್ತದೆ. ಅರಬ್ ವರ್ತಕರು ಬಂದರು, ಸ್ಥಳೀಯ ಹೆಣ್ಣುಗಳನ್ನು ಮದುವೆಯಾದರು, ಬ್ಯಾರ ಮಾಡಿದವರು ಬ್ಯಾರಿಗಳಾದರು, ಎಲ್ಲವೂ ಪ್ರೀತಿಯಿಂದ, ಶಾಂತಿಯಿಂದ. ನಾನೂ ಒಮ್ಮೆ ಮೈಕ್ ಹಿಡಿದು ಇದನ್ನೇ ಹೇಳಿದ್ದೇನೆ. ಬೆನ್ ಯಿಜು ಯಹೂದಿ, ಅವನ ಪತ್ರಗಳಿಂದ ನಮ್ಮ ವಂಶಾವಳಿ ಎಳೆಯುವುದು ತಪ್ಪು. ಅದೇ ಹಡಗು, ಅದೇ ರೇವು, ಅದೇ ಅರಬಿ ಮಾತು, ಅದೇ ಕಾಲ. ಅಷ್ಟರಿಂದ ಇಷ್ಟು ಮಾತ್ರ ಹೇಳಬಹುದು: ಆ ಕಾಲದ ಮಂಗಳೂರಿನಲ್ಲಿ ಪರದೇಶದ ವರ್ತಕನ ಮನೆ ತುಂಬಿದ ಹೆಣ್ಣು ಹೇಗೆ ಬಂದಳು ಎನ್ನಲು ಕಾಗದದ ಸಾಕ್ಷಿ ಇರುವ ಒಂದು ಪ್ರಕರಣದಲ್ಲಿ ಅವಳು ಬಂದದ್ದು ಕ್ರಯಕ್ಕೆ. ನಮ್ಮ ಭಾಷಣಗಳಲ್ಲಿ ಆ ಅರಬರಿಗೆ ಹಡಗು, ಧೈರ್ಯ, ದೀನು ಎಲ್ಲ ಇದೆ. ಆ ಹೆಂಗಸರಿಗೆ ಹೆಸರೂ ಇಲ್ಲ. ನಾವು ಆಡುವ ಬ್ಯಾರಿ ಬಾಸೆ ಆ ತಂದೆಯರ ಅರಬಿಯಿಂದ ಬಂದದ್ದಲ್ಲ, ಈ ತಾಯಂದಿರ ಬಾಯಿಯಿಂದ ಬಂದದ್ದು.

1149ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್ನಿಗೆ ಮರಳಿದ. ಆ ಸೆಪ್ಟೆಂಬರಿನಲ್ಲಿ ತಮ್ಮಂದಿರಿಗೆ ಬರೆದ ಪತ್ರದಲ್ಲಿ ಮಕ್ಕಳ ಮಾತಿದೆ, ಆಶುವಿನ ಮಾತಿಲ್ಲ. ಅವಳು ಸತ್ತಿದ್ದಳೋ, ಊರಲ್ಲೇ ಉಳಿದಳೋ. ಏಡನ್ನಿನ ಗೆಳೆಯರು ಬೊಮ್ಮನಿಗೆ ಸಲಾಂ ಹೇಳಿದರು, ಅವಳಿಗೆ ಹೇಳಲಿಲ್ಲ. ಗಂಡುಮಕ್ಕಳಿಬ್ಬರೂ ತೀರಿಕೊಂಡರು. ಉಳಿದವಳು ಮಗಳು ಸಿತ್ತುದ್ದಾರ್. ಏಡನ್ನಿನ ಗೆಳೆಯ ತನ್ನ ಮಗನಿಗೆ ಕೇಳಿದರೂ ಕೊಡದೆ, ಬೆನ್ ಯಿಜು ಅವಳನ್ನು ತಮ್ಮನ ಮಗನಿಗೇ ಕೊಡಬೇಕೆಂದು ಹಟ ಹಿಡಿದ. 1156ರಲ್ಲಿ ಈ ಫುಸ್ತಾತಿನಲ್ಲೇ ಮದುವೆ ಆಯಿತು. ನಮ್ಮ ಕರಾವಳಿಯಲ್ಲಿ ಆಡಿ ಬೆಳೆದ ಹುಡುಗಿ ಮದುಮಗಳಾದದ್ದು ಈ ಮಣ್ಣಿನಲ್ಲಿ. ನನ್ನ ಮಗಳು ಇದನ್ನು ಕೇಳಿ ಉಪ್ಪರಿಗೆಯ ಕಡೆ ಬಹಳ ಹೊತ್ತು ನೋಡಿದಳು. "ಅವಳಿಗೆ ಅಲ್ಲಿ ಮಾತಾಡಲು ಯಾರಿದ್ದರು ಬಾಪಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಇದಾಗಿ ಹನ್ನೆರಡು ವರ್ಷಕ್ಕೆ ಫುಸ್ತಾತ್ ಬೆಂಕಿಗೆ ಬಿತ್ತು. ಕ್ರುಸೇಡಿನವರ ಕೈಗೆ ಸಿಗಬಾರದೆಂದು ವಜೀರನೇ ಇಡಿಸಿದ ಬೆಂಕಿ. ಸುಮಾರು ಅದೇ ಕಾಲಕ್ಕೆ ಇಲ್ಲಿಗೆ ಬಂದು ನೆಲಸಿದವರು ಹಕೀಮರೂ ದೊಡ್ಡ ಪಂಡಿತರೂ ಆದ ಮೂಸಾ ಇಬ್ನ್ ಮೈಮೂನ್. ಅವರ ಸಂಸಾರ ನಡೆದದ್ದು ತಮ್ಮ ದಾವೂದನ ವ್ಯಾಪಾರದಿಂದ. ಕೆಂಪು ಸಮುದ್ರದ ಐಧಾಬ್ ರೇವಿನಲ್ಲಿ ಒಳ್ಳೆ ಮಾಲು ಸಿಗಲಿಲ್ಲ, ಆದ್ದರಿಂದ ಹಿಂದೂಸ್ಥಾನಕ್ಕೇ ಹೊರಡುತ್ತೇನೆ, ಮನೆಯವಳಿಗೆ ಧೈರ್ಯ ಹೇಳಿ ಎಂದು ದಾವೂದ್ ಅಣ್ಣನಿಗೆ ಬರೆದ ಪತ್ರವೂ ಗೆನಿಜಾದಲ್ಲಿ ಸಿಕ್ಕಿತು. ಅವನು ಕಡಲಲ್ಲಿ ಮುಳುಗಿದ. ಅಣ್ಣ ಒಂದು ವರ್ಷ ಹಾಸಿಗೆ ಹಿಡಿದರು. ಕಾಗದ ಬಂತು, ಮನುಷ್ಯ ಬರಲಿಲ್ಲ ಎಂಬುದು ಗಲ್ಫಿನ ನಮ್ಮ ಮನೆಗಳಿಗೂ ಗೊತ್ತಿರುವ ದುಃಖ.

ಗೆನಿಜಾದ ಕಂಡಿ ತೋರಿಸು ಎಂದು ಗೈಡನ್ನು ಕೇಳಿದೆ. ಮೇಲೆ ಹೋಗಲು ಬಿಡುವುದಿಲ್ಲ ಎಂದ. ಹೋಗಿದ್ದರೂ ಖಾಲಿ ಗೋಡೆ ಅಷ್ಟೇ. ಕೆಳಗೆ ನಿಂತು ನಾನು ನೆನೆದದ್ದು ಮಂಜೇಶ್ವರದಲ್ಲಿದ್ದ ಅಜ್ಜನ ಮರದ ಪೆಟ್ಟಿಗೆಯನ್ನು. ಇಪ್ಪತ್ತೈದು ವರ್ಷದ ಹಿಂದೆ ಹಳೆ ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸುವಾಗ ಅದನ್ನು ಹೊರಗೆ ತಂದೆವು. ಒರಲೆ ತಿಂದ ಕಿತಾಬು, ಮಾಲೆ ಪುಸ್ತಕ, ಹರಿದ ಕುರ್‌ಆನ್ ಪುಟಗಳನ್ನೆಲ್ಲ ಬೇರೆ ಮಾಡಿ ಮರ್ಯಾದೆಯಿಂದ ಹೂಳಿದೆವು. ಅಜ್ಜನ ಅಡಿಕೆ, ಮೆಣಸಿನ ಲೆಕ್ಕದ ಪುಸ್ತಕ ಹತ್ತೋ ಹನ್ನೆರಡೋ ಇದ್ದವು. ಅದರಲ್ಲಿ ದೇವರ ಹೆಸರಿಲ್ಲ ಎಂದು ನೀರು ಕಾಯಿಸುವ ಒಲೆಗೆ ಹಾಕಿದೆ. ಹಾಕಿದ್ದು ನಾನೇ. ಬೆನ್ ಯಿಜುವಿನ ಏಲಕ್ಕಿ ಜಗಳ ಉಳಿದಿದೆ, ನನ್ನ ಅಜ್ಜ ಯಾರೊಡನೆ ಜಗಳ ಮಾಡಿದ್ದರೆಂದು ನನಗೆ ಗೊತ್ತಿಲ್ಲ.

ರಾತ್ರಿ ಹೋಟೆಲಿನಿಂದ ಉಮ್ಮನಿಗೆ ಫೋನ್ ಮಾಡಿ, ಅಜ್ಜನ ಕಾಗದ ಏನಾದರೂ ಉಂಟಾ ಎಂದು ಕೇಳಿದೆ.

"ಅದೆಲ್ಲ ನೀನೇ ಅಲ್ವಾ ಸುಟ್ಟದ್ದು?" ಎಂದರು. ಮತ್ತೆ, "ಒಂದು ಹಾಳೆ ನನ್ನ ಹತ್ರ ಉಂಟು. ನಾನು ಹುಟ್ಟಿದ ದಿವಸ ಅದರಲ್ಲಿ ಬರೆದಿಟ್ಟಿದ್ರು, ಹಾಗೆ ಮೊದಲೇ ಹರಿದು ತೆಗೆದಿಟ್ಟದ್ದು."

ಬೆಳಿಗ್ಗೆ ಅಣ್ಣನ ಮಗ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಅರಬಿ ಲಿಪಿ. ಮದ್ರಸದಲ್ಲಿ ಕಲಿತ ಅಕ್ಷರ ಆದ್ದರಿಂದ ಮಗಳು ಕೂಡಿಸಿ ಕೂಡಿಸಿ ಓದಿದಳು, ಮೊದಲು ಅರ್ಥ ಆಗಲಿಲ್ಲ, ಜೋರಾಗಿ ಓದಿದ ಮೇಲೆ ಅದು ನಮ್ಮದೇ ಮಾತೆಂದು ತಿಳಿದು ನಕ್ಕಳು. ಮೇಲೆ ಅಡ್ಡಲಾಗಿ ಉಮ್ಮ ಹುಟ್ಟಿದ ದಿನ. ಕೆಳಗೆ ಏಳು ಮಣ ಅಡಿಕೆ, ಮುಂಗಡ ಇಪ್ಪತ್ತು ರೂಪಾಯಿ, ಬಾಕಿ. ಬಾಕಿ ಯಾರದ್ದು ಎಂಬ ಜಾಗವನ್ನು ಒರಲೆ ತಿಂದಿದೆ.