ಒಬ್ಬರಿಗೆ ಎಷ್ಟು ಓಟು? ಕಣಗಿನಹಾಳದಿಂದ ಬ್ಲಾಕ್‌ಚೈನ್‌ವರೆಗೆ

ಇವತ್ತಿನ ಮಾತು ಓಟಿನ ಬಗ್ಗೆ. ಗಾಬರಿ ಆಗಬೇಡಿ, ಯಾವ ಪಕ್ಷದ ಸುದ್ದಿಯೂ ಇದರಲ್ಲಿಲ್ಲ.

ನಾನಿರೋದು ವಿಜಯವಾಡದ ಗವರ್ನರ್‌ಪೇಟೆಯಲ್ಲಿ, ಬಾಡಿಗೆ ಮನೆಯಲ್ಲಿ. ಹೋದ ತಿಂಗಳು ನಮ್ಮ ಬಿಲ್ಡಿಂಗಿನಲ್ಲಿ ಮೀಟಿಂಗ್ ಇತ್ತು. ಮೇಂಟೆನೆನ್ಸ್ ಏರಿಸಬೇಕೋ ಬೇಡವೋ ಅನ್ನೋ ವಿಷಯ. ಕೈ ಎತ್ತಿ ಅಂದರು, ನಾನೂ ಎತ್ತಿದೆ. ಸೆಕ್ರೆಟರಿ ಗಾರು ನಗುತ್ತಲೇ, "ನೀವು ಟೆನೆಂಟು ಕದಾ" ಅಂದರು. ಕೈ ಇಳಿಸಿದೆ. ಆರು ಫ್ಲ್ಯಾಟ್ ಇರುವ ಒಬ್ಬರಿಗೆ ಆರು ಓಟು. ಅಮೆರಿಕದಲ್ಲಿರುವ ಓನರ್ ಒಬ್ಬರ ಓಟು ವಾಟ್ಸಾಪಿನಲ್ಲಿ ಬಂತು. ಏರಿದ ದುಡ್ಡು ತಿಂಗಳಾ ತಿಂಗಳಾ ಕಟ್ಟುವ ನನಗೆ ಸೊನ್ನೆ.

ಆ ರಾತ್ರಿ ನೆನಪಾಗಿದ್ದು ಸ್ಟೀಮ್. ನಿಮ್ಮಲ್ಲಿ ಕೆಲವರಾದರೂ ಅದರಲ್ಲಿ ಅಕೌಂಟ್ ತೆರೆದಿರುತ್ತೀರಿ. 2016ರಲ್ಲಿ ಶುರುವಾದ ಬ್ಲಾಕ್‌ಚೈನ್ ಅದು. ನೀವು ಬರೆಯಬೇಕು, ಉಳಿದವರು ಓಟು ಹಾಕಬೇಕು, ಓಟಿನ ಲೆಕ್ಕದಲ್ಲಿ ನಿಮಗೆ ನಾಣ್ಯ ಬರಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಓಟಿನ ತೂಕ ನಿಮ್ಮ ಹತ್ತಿರ ಕೂಡಿಟ್ಟ ನಾಣ್ಯದ ಮೇಲೆ. ಮೊದಮೊದಲು ಅದಕ್ಕಿಂತ ಕಠಿಣ ನಿಯಮವಿತ್ತು: ಒಂದು ಬರಹಕ್ಕೆ ಬಿದ್ದ ಒಟ್ಟು ಬಲವನ್ನು ವರ್ಗ ಮಾಡುತ್ತಿದ್ದರು. ಬಲ 1 ಬಿದ್ದರೆ ಲೆಕ್ಕ 1, ಬಲ 100 ಬಿದ್ದರೆ ಲೆಕ್ಕ 10,000. ನೂರು ಜನ ಬಡಪಾಯಿಗಳು ತಮ್ಮ ತಮ್ಮ ಗೆಳೆಯರ ಬರಹಕ್ಕೆ ಒಂದೊಂದು ಬಲದ ಓಟು ಹಾಕಿದರೆ ಎಲ್ಲ ಸೇರಿ 100. ಒಬ್ಬ ಕುಬೇರ ಒಂದೇ ಬರಹಕ್ಕೆ ಒತ್ತಿದರೆ 10,000.

ಇದು ಅನ್ಯಾಯ ಅಂತ ಗಲಾಟೆಯಾಗಿ 2017ರ ಜೂನ್‌ನಲ್ಲಿ ನಿಯಮ ಬದಲಾಯಿತು. ವರ್ಗ ಹೋಗಿ ನೇರ ಲೆಕ್ಕ ಬಂತು. ಸಣ್ಣವರ ಓಟಿಗೂ ಬೆಲೆ ಬಂತು. ಆದರೆ ತಮ್ಮ ಬರಹಕ್ಕೆ ತಾವೇ ಓಟು ಹಾಕಿಕೊಳ್ಳೋದು, ಹತ್ತಾರು ಅಕೌಂಟ್ ಮಾಡಿ ಚಿಲ್ಲರೆ ಚಿಲ್ಲರೆಯಾಗಿ ಬಾಚಿಕೊಳ್ಳೋದು ಲಾಭದ ಕೆಲಸವಾಯಿತು. 2019ರ ಆಗಸ್ಟ್‌ನಲ್ಲಿ ಲೆಕ್ಕದ ಗೆರೆಯನ್ನು ಮತ್ತೆ ಸ್ವಲ್ಪ ಬಗ್ಗಿಸಬೇಕಾಯಿತು.

ಕಥೆಯ ತಿರುವು 2020ರಲ್ಲಿ. ಟ್ರಾನ್‌ನ ಜಸ್ಟಿನ್ ಸನ್ ಫೆಬ್ರವರಿಯಲ್ಲಿ ಸ್ಟೀಮಿಟ್ ಕಂಪನಿಯನ್ನು ಕೊಂಡರು. ಕಂಪನಿಯ ಜೊತೆ ನಾಣ್ಯದ ದೊಡ್ಡ ರಾಶಿಯೂ ಕೈಗೆ ಬಂತು. ಬ್ಲಾಕ್‌ಚೈನ್ ನಡೆಸಲು ಜನ ಆರಿಸಿದ್ದ 'ವಿಟ್ನೆಸ್'ಗಳು ಆ ರಾಶಿಗೆ ತಡೆ ಹಾಕಿದರು. ಮಾರ್ಚ್ ಆರಂಭದಲ್ಲಿ ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಕ್ಸ್‌ಚೇಂಜ್‌ಗಳಲ್ಲಿದ್ದ ಗ್ರಾಹಕರ ನಾಣ್ಯದ ಬಲದಿಂದಲೇ ಓಟು ಬಿದ್ದು ಹಳೆಯ ವಿಟ್ನೆಸ್‌ಗಳು ಕೆಳಗಿಳಿದರು. ದುಡ್ಡು ಗ್ರಾಹಕರದು, ಓಟು ಬೇರೆಯವರದು! ಬೈನಾನ್ಸ್, ಹುವೋಬಿ ಆಮೇಲೆ ಓಟು ಹಿಂತೆಗೆದುಕೊಂಡವು. ಆದರೆ ಮನಸ್ಸು ಒಡೆದಿತ್ತು. 2020ರ ಮಾರ್ಚ್ 20ರಂದು ಒಂದು ಗುಂಪು ಬೇರೆಯಾಗಿ 'ಹೈವ್' ಅಂತ ಹೊಸ ಸರಪಳಿ ಶುರುಮಾಡಿತು.

ಇಷ್ಟಕ್ಕೆಲ್ಲ ಯಾಕೆ ಸಾಹಸ, ಒಬ್ಬರಿಗೆ ಒಂದೇ ಓಟು ಅಂದರೆ ಆಗಲ್ವಾ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಗದಗದಲ್ಲಿ.

ಗದಗ ತಾಲೂಕಿನ ಕಣಗಿನಹಾಳ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊಟ್ಟಮೊದಲ ಇಂಥ ಸಂಘ ಅಂತ ಅದಕ್ಕೆ ಹೆಸರು. ಹಿಂದಿನ ವರ್ಷ, 1904ರಲ್ಲಿ, ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ತಂದಿತ್ತು. ಸಂಘ ಕಟ್ಟೋಕೆ ಹತ್ತು ಜನ ಬೇಕು. ಅವರು ಒಂದೇ ಊರಿನವರೋ, ಅಕ್ಕಪಕ್ಕದ ಹಳ್ಳಿಯವರೋ, ಒಂದೇ ಸಮುದಾಯದವರೋ ಆಗಿರಬೇಕು. ಹಳ್ಳಿಯ ಸಂಘಗಳಲ್ಲಿ ಸಾಮಾನ್ಯವಾಗಿ ಹೊಣೆಗಾರಿಕೆಗೆ ಮಿತಿ ಇರಲಿಲ್ಲ. ಅಂದರೆ ಸಂಘ ಮುಳುಗಿದರೆ ನಿಮ್ಮ ಪಾಲಿನ ದುಡ್ಡಷ್ಟೇ ಅಲ್ಲ, ಹೊಲ ಮನೆಗೂ ಕುತ್ತು.

1912ರ ಕಾಯಿದೆ ಈ ಲೆಕ್ಕವನ್ನು ಬಿಡಿಸಿ ಹೇಳಿತು: ಹೊಣೆ ಷೇರಿಗೆ ಸೀಮಿತವಲ್ಲದ ಸಂಘದಲ್ಲಿ, ಬಂಡವಾಳ ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಓಟು. ಷೇರಿಗೆ ಸೀಮಿತವಾದ ಸಂಘದಲ್ಲಿ ಓಟಿನ ಲೆಕ್ಕ ಉಪನಿಯಮಕ್ಕೆ ಬಿಟ್ಟದ್ದು. ಆದರೆ ಅಲ್ಲೂ ಒಬ್ಬನೇ ವ್ಯಕ್ತಿ ಷೇರು ಬಂಡವಾಳದ ಐದನೇ ಒಂದು ಪಾಲಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ನನಗೆ ಇದರ ಹಿಂದಿನ ನ್ಯಾಯ ಹೀಗೆ ಕಾಣುತ್ತೆ: ಎಲ್ಲರೂ ಮನೆಯನ್ನೇ ಪಣಕ್ಕಿಟ್ಟ ಮೇಲೆ ಒಬ್ಬನ ಓಟು ಇನ್ನೊಬ್ಬನ ಓಟಿಗಿಂತ ದೊಡ್ಡದು ಹೇಗಾದೀತು?

ಈಗ ಬ್ಲಾಕ್‌ಚೈನ್‌ಗೆ ಬನ್ನಿ. ಕಣಗಿನಹಾಳದಲ್ಲಿ ಯಾರು ಯಾರು ಅಂತ ಊರಿಗೇ ಗೊತ್ತು. ಪಾಟೀಲರ ಮನೆಯವರು ಹತ್ತು ಹೆಸರು ಹೇಳಿಕೊಂಡು ಹತ್ತು ಸಲ ಕೈ ಎತ್ತೋಕಾಗಲ್ಲ. ಬ್ಲಾಕ್‌ಚೈನ್‌ಗೆ ನಿಮ್ಮ ಮುಖ ಗೊತ್ತಿಲ್ಲ, ಅಕೌಂಟ್ ಮಾತ್ರ ಗೊತ್ತು. ಅಲ್ಲಿ ಅಕೌಂಟಿಗೊಂದು ಓಟು ಅಂದರೆ ನಾಳೆ ಬೆಳಗ್ಗೆ ಒಬ್ಬನೇ ಸಾವಿರ ಜನ ಆಗ್ತಾನೆ. ಆ ಭಯಕ್ಕೇ ನಾಣ್ಯವನ್ನು ಎಣಿಸಿದರು.

ಮಧ್ಯದ ದಾರಿ ಅಂತ ಒಂದು ಸಲಹೆ ಇದೆ: ಓಟನ್ನು ನಾಣ್ಯದ ವರ್ಗಮೂಲಕ್ಕೆ ಇಳಿಸೋದು. 100 ನಾಣ್ಯ ಇದ್ದವನಿಗೆ 10 ಓಟು, 1 ಇದ್ದವನಿಗೆ 1. ಸೊಗಸಾಗಿದೆ. ಆದರೆ ಆ ಕುಬೇರ ತನ್ನ 100 ನಾಣ್ಯವನ್ನು ನೂರು ಅಕೌಂಟಿಗೆ ಹಂಚಿದರೆ 10 ಓಟು 100 ಓಟಾಗುತ್ತೆ! ಸೂತ್ರ ನ್ಯಾಯವಾದಷ್ಟೂ ಮನುಷ್ಯನನ್ನು ಗುರುತಿಸುವ ಕೆಲಸ ಮುಖ್ಯವಾಗುತ್ತೆ. ಅಂದರೆ ಓಟು ಹಂಚುವ ಜಗಳದ ಬೇರು ಸೂತ್ರದಲ್ಲಿಲ್ಲ, ಪಟ್ಟಿಯಲ್ಲಿದೆ.

ಇದನ್ನು ನಮ್ಮ ದೇಶ ದೊಡ್ಡ ಪ್ರಮಾಣದಲ್ಲಿ ಅನುಭವಿಸಿದೆ. ಬ್ರಿಟಿಷರ 1935ರ ಕಾಯಿದೆಯಲ್ಲಿ ಓಟು ಸಿಗುತ್ತಿದ್ದುದು ಬಹುತೇಕ ಆಸ್ತಿ, ತೆರಿಗೆ, ಓದು ನೋಡಿ. 1951-52ರ ಮೊದಲ ಚುನಾವಣೆಯಲ್ಲಿ ಎಲ್ಲ ವಯಸ್ಕರಿಗೂ ಒಂದೊಂದು ಓಟು. ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಜನ. ಸೂತ್ರ ಒಂದೇ ಸಾಲಿನದು. ಪಟ್ಟಿ ಮಾಡೋದಿತ್ತಲ್ಲ, ಅದು ಬೆವರಿಳಿಸಿತು. ಮುಖ್ಯವಾಗಿ ಉತ್ತರ ಭಾರತದಲ್ಲಿ ಅನೇಕ ಹೆಣ್ಣುಮಕ್ಕಳು ಪರಗಂಡಸರಿಗೆ ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಸ್ವಂತ ಹೆಸರು ಇರಲೇಬೇಕು ಅಂದರು. ಕೊನೆಗೆ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಬಿದ್ದರು. ಸೂತ್ರದಲ್ಲಿ ಅವರ ಓಟು ಪೂರ್ತಿ ಒಂದು. ಪಟ್ಟಿಯಲ್ಲಿ ಸೊನ್ನೆ.

ಗವರ್ನರ್‌ಪೇಟೆಯ ನನ್ನ ಕಥೆಯೂ ಅಷ್ಟೇ. ಫ್ಲ್ಯಾಟಿಗೆ ಒಂದೋ, ಚದರಡಿಗೆ ಒಂದೋ, ತಲೆಗೆ ಒಂದೋ ಅಂತ ಎಷ್ಟು ಚರ್ಚೆ ಮಾಡಿದರೂ ಬಾಡಿಗೆಯವರು ಪಟ್ಟಿಯಲ್ಲಿಲ್ಲ. ನನ್ನ ವೋಟರ್ ಐಡಿ ನೋಡಿದರೆ ಇನ್ನೂ ಗದಗದ್ದು. ನಾನಿರುವ ಊರಿನಲ್ಲಿ ನನ್ನ ಹೆಸರಿಲ್ಲ, ಹೆಸರಿರುವ ಊರಿನಲ್ಲಿ ನಾನಿಲ್ಲ. ನಮ್ಮಂಥ ವಲಸೆಯವರಲ್ಲಿ ಬಹಳ ಜನರ ಪಾಡು ಇದೇ ಅಲ್ವಾ?

ಮೊನ್ನೆ ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಊರಿನ ಸೊಸೈಟಿಯಲ್ಲಿ ಐವತ್ತು ವರ್ಷ ಸದಸ್ಯರಾಗಿದ್ದವರು. "ಓಟು ಆಮ್ಯಾಲ ಕೇಳೋ ತಮ್ಮಾ, ಮೊದಲ ರಿಜಿಸ್ಟರಿನ್ಯಾಗ ಹೆಸರು ಹಚ್ಚಸು" ಅಂದರು.

ಮುಂದಿನ ಮೀಟಿಂಗಿನಲ್ಲಿ ಮೇಂಟೆನೆನ್ಸ್ ವಿಷಯಕ್ಕೆ ಬಾಡಿಗೆಯವರನ್ನೂ ಎಣಿಸಿ ಅಂತ ಅರ್ಜಿ ಬರೆದಿದ್ದೀನಿ. ಏಳು ಮನೆಯವರು ಸಹಿ ಹಾಕಿದ್ದಾರೆ, ಎಲ್ಲರೂ ಸ್ವಂತ ಹೆಸರಿನಲ್ಲಿ. ಏನಾಯಿತು ಅಂತ ಖಂಡಿತ ಹೇಳ್ತೀನಿ. ಸಿಗೋಣ.